ಎಣ್ಣೆ ಕಾಣದ ತಲೆ

ನನ್ನ ತಲೆಯನ್ನು ಯಾರೂ ಮುಟ್ಟಬಾರದು. ಮದುವೆಯಾಗಿ ಗಂಡನ ಮನೆಗೆ ಬಂದ ದಿನದಿಂದ ನಾನು ಬಿಡದೆ ಪಾಲಿಸಿಕೊಂಡು ಬಂದ ವ್ರತ ಇದೊಂದೇ. ಬೇರೆ ಹೆಂಗಸರು ಸೋಮವಾರ ಶನಿವಾರ ಉಪವಾಸ ಇರುತ್ತಾರೆ. ಹೊಟ್ಟೆಗೆ ಹಾಕದೆ ಇರುವುದು ನನ್ನ ಕೈಲಿ ಆಗದ ಮಾತು. ಆದರೆ ಸೆರಗು ಮಾತ್ರ ನನ್ನ ತಲೆಯಿಂದ ಒಂದು ಬೆರಳಷ್ಟೂ ಜಾರುತ್ತಿರಲಿಲ್ಲ. ಶ್ರೀರಾಂಪುರದ ಪಕ್ಕದ ನಮ್ಮ ಹಳ್ಳಿಯ ಜನ ಅದನ್ನು ನೋಡಿ, ಕಾಳಕ್ಕನ ಸೊಸೆ ತಿಪ್ಪಮ್ಮ ಎಂಥ ಮರ್ಯಾದಸ್ತೆ ಅನ್ನುತ್ತಿದ್ದರು. ಮರ್ಯಾದೆಯೂ ಇಲ್ಲ, ಮಣ್ಣೂ ಇಲ್ಲ. ಸೆರಗಿನ ಕೆಳಗೆ ಇದ್ದದ್ದು ಹೊಟ್ಟು.

ಹೊಟ್ಟು ಅಂದರೆ ಎಲ್ಲರಿಗೂ ಬರುವಂಥ, ಭುಜದ ಮೇಲೆ ನಾಲ್ಕು ಚೂರು ಉದುರಿ ಕೊಡವಿದರೆ ಹೋಗುವಂಥ ಹೊಟ್ಟಲ್ಲ. ನನ್ನದು ಗುಂಗುರು ಕೂದಲು, ಕುರಿಯ ಉಣ್ಣೆಯ ಹಾಗೆ ಒತ್ತೊತ್ತಾಗಿ ಸುರುಳಿ ಸುತ್ತಿಕೊಂಡದ್ದು. ಅದರ ಬುಡದಲ್ಲಿ ಹಳದಿ ಬಣ್ಣದ, ಜಿಡ್ಡು ಜಿಡ್ಡಾದ ಪೊರೆ ಕೂತಿತ್ತು. ಕೆರೆದರೆ ಉಗುರಿನ ತುಂಬ ಬರುತ್ತಿತ್ತು, ಅದರ ಕೆಳಗಿನ ಚರ್ಮ ಕೆಂಪಗೆ ಹಸಿ ಹಸಿಯಾಗಿರುತ್ತಿತ್ತು. ಕಿವಿಯ ಹಿಂದೆ, ಹುಬ್ಬಿನೊಳಗೆ, ಮೂಗಿನ ಪಕ್ಕದಲ್ಲಿ, ಕೊನೆಗೆ ಕುಂಕುಮ ಇಡುವ ಜಾಗದಲ್ಲೂ ಅದೇ. ಮಾಗಿಯ ಚಳಿ ಬಂತೆಂದರೆ ಕೇಳಲೇಬೇಡಿ. ಜನರ ಮುಂದೆ ಕೆರೆದುಕೊಳ್ಳುವ ಹಾಗಿಲ್ಲ, ಕೆರೆದುಕೊಳ್ಳದೆ ಇರುವ ಹಾಗೂ ಇಲ್ಲ. ಕಟ್ಟಿಗೆ ತರುವ ನೆಪ ಮಾಡಿಕೊಂಡು ಹಿತ್ತಲಿಗೆ ಹೋಗಿ, ಬೇಲಿಯ ಮರೆಯಲ್ಲಿ ನಿಂತು ಎರಡೂ ಕೈಯಲ್ಲಿ ಕೆರೆದುಕೊಂಡು ಬರುತ್ತಿದ್ದೆ. ಥೂ, ಅದೂ ಒಂದು ಬಾಳೇ?

ನನ್ನ ತವರು ರಾಮಗಿರಿ. ಅಲ್ಲಿ ನನ್ನವ್ವ ಹನುಮಮ್ಮ ನನ್ನನ್ನು ಮೊಣಕಾಲ ನಡುವೆ ಹಿಡಿದು ಕೂರಿಸಿಕೊಂಡು, ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆಯಿಂದ ರಕ್ತ ಜಿನುಗುವವರೆಗೆ ಹೆರೆಯುತ್ತಿದ್ದಳು. 'ಒಣಗೈತೆ ಕಣೇ, ಎಣ್ಣೆ ಸಾಲ್ದು' ಅನ್ನುತ್ತ ಮೇಲೆ ಹರಳೆಣ್ಣೆ ಸುರಿಯುತ್ತಿದ್ದಳು. ಹೆಣ್ಣು ನೋಡಲು ಬಂದ ದಿನ ಜಡೆ ತುಂಬ ಕನಕಾಂಬರ ಮುಡಿಸಿ ಬುಡವೇ ಕಾಣದ ಹಾಗೆ ಮಾಡಿದಳು. ಧಾರೆಯ ದಿನವೂ ಅಷ್ಟೇ. ಗಾಡಿ ಹತ್ತುವಾಗ ನನ್ನನ್ನು ತಬ್ಬಿಕೊಂಡು ಅಳುತ್ತಾಳೆ ಅಂದುಕೊಂಡರೆ ಕಿವಿಯಲ್ಲಿ ಹೇಳಿದ್ದು ಇಷ್ಟೇ: 'ತಲೆ ಯಾರ ಕೈಗೂ ಕೊಡಬ್ಯಾಡ. ಗೊತ್ತಾದ್ರೆ ತಿರುಗಿ ಕಳಿಸ್ತಾರೆ. ಏಕನಾಥಮ್ಮನ್ನ ನೋಡಿದ್ಯಲ್ಲ.'

ಏಕನಾಥಮ್ಮ ನಮ್ಮ ಬೀದಿಯವಳು. ತಲೆಯಲ್ಲಿ ಹುಳುಕಡ್ಡಿ ಇದೆ, ಮದುವೆಗೆ ಮುಂಚೆ ಮುಚ್ಚಿಟ್ಟಿದ್ದರು ಅಂತ ಗಂಡನ ಮನೆಯವರು ಅವಳನ್ನು ತಂದು ಬಾಗಿಲಲ್ಲಿ ಬಿಟ್ಟು ಹೋಗಿದ್ದರು. ಹುಳುಕಡ್ಡಿ ವಾಸಿಯಾಯಿತು, ಅವಳು ಮಾತ್ರ ಅಣ್ಣನ ಮನೆಯಲ್ಲಿ ಸಗಣಿ ಬಾಚುತ್ತ ಉಳಿದಳು. ಅವಳ ಪಾಡು ನನಗೂ ಬರುತ್ತದೆ ಅನ್ನುವ ಹೆದರಿಕೆ ಊಟ ಮಾಡುವಾಗಲೂ ನನ್ನ ಜೊತೆಗೇ ಕೂತಿರುತ್ತಿತ್ತು.

ನನ್ನ ಗಂಡನ ಹೆಸರು ಪಾಪಣ್ಣ. ಆಗ ಅವನ ಹೆಸರು ಹೇಳುತ್ತಿರಲಿಲ್ಲ, ಈಗ ಹೇಳುತ್ತೇನೆ, ಯಾರೇನು ಮಾಡುತ್ತಾರೆ. ಬಾವಿ ತೋಡುವ ಗುಂಪಿನಲ್ಲಿ ಅವನ ಕೆಲಸ. ಬಂಡೆ ಸಿಕ್ಕರೆ ತೂತು ಕೊರೆದು, ಮದ್ದು ತುಂಬಿ, ಬತ್ತಿಗೆ ಬೆಂಕಿ ಇಟ್ಟು ಮೇಲಕ್ಕೆ ಓಡಿ ಬರುವವನು ಅವನೇ. ಎಪ್ಪತ್ತೈದನೇ ಇಸವಿಯ ಆ ಮಾಗಿಯಲ್ಲಿ ಗುಂಪು ಹಿರಿಯೂರಿನ ಕಡೆ ಹೋಗಿ ವಾರಗಟ್ಟಲೆ ಆಗಿತ್ತು. ಒಳ್ಳೆಯವನು. ಒಂದೆರಡು ಸಲ ನನ್ನ ತಲೆ ಸವರಲು ಕೈ ತಂದಾಗ 'ಜಡೆ ಕೆಡ್ತೈತೆ' ಅಂತ ತಳ್ಳಿದ್ದೆ. ಆಮೇಲೆ ಅವನು ಕೈ ತರಲಿಲ್ಲ.

ಇನ್ನು ಅತ್ತೆ ಕಾಳಕ್ಕ. ಬಾಯಿ ಜೋರು, ಕೈ ಧಾರಾಳ. ಶನಿವಾರ ಬಂತೆಂದರೆ ಬಟ್ಟಲ ತುಂಬ ಹರಳೆಣ್ಣೆ ಬಿಸಿ ಮಾಡಿ ಬಚ್ಚಲ ಹೊಸಲ ಮೇಲೆ ಇಡುತ್ತಿದ್ದಳು. ಹಚ್ಚಿಕೊಡುತ್ತೇನೆ ಅಂದರೆ ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಹೊರಗಿನಿಂದಲೇ ಕೂಗುತ್ತಿದ್ದಳು:

'ನೆತ್ತಿಗೆ ಚೆನ್ನಾಗಿ ತಟ್ಟೇ! ನನ್ನ ಮಗ ಬೆಂಕಿ ಜೊತೆ ಬದುಕೋನು. ಮನ್ಯಾಗೆ ಹೆಂಡ್ತಿ ತಲೆ ತಂಪಾಗಿದ್ರೆ ಅಲ್ಲಿ ಅವನೂ ತಂಪಾಗಿರ್ತಾನೆ.'

ನಮ್ಮಲ್ಲಿ ಹಾಗೆಯೇ. ಮನೆಯಲ್ಲಿ ಸಾವಾದರೆ ಮಾತ್ರ ಹೆಂಗಸರ ತಲೆ ಎಣ್ಣೆ ಕಾಣುವುದಿಲ್ಲ. ಗಂಡ ಬದುಕಿರುವವಳು ಒಣಗಿದ ತಲೆಯಲ್ಲಿ ಓಡಾಡುವುದು ಅವನ ಸಾವನ್ನು ಕೂಗಿ ಕರೆದ ಹಾಗೆ. ನಾನೂ ಅದನ್ನು ನಂಬಿದವಳೇ. ಬಟ್ಟಲ ಎಣ್ಣೆಯನ್ನೆಲ್ಲ ತಟ್ಟಿಕೊಳ್ಳುತ್ತಿದ್ದೆ. ಮಾರನೆಯ ದಿನ ತಲೆಯ ತುಂಬ ಕೆಂಜಿಗದ ಇರುವೆ ಬಿಟ್ಟ ಹಾಗೆ ಆಗುತ್ತಿತ್ತು.

ಕೊನೆಗೆ ಹುಬ್ಬಿನಿಂದ ಪೊರೆ ಉದುರಿ ಮುದ್ದೆಯ ತಟ್ಟೆಗೆ ಬಿತ್ತು. ಎದುರಿಗೆ ಕೂತಿದ್ದ ಕಾಳಕ್ಕ ನೋಡಿದಳೋ ಇಲ್ಲವೋ, ನನಗಂತೂ ತುತ್ತು ಇಳಿಯಲಿಲ್ಲ. ಮಾರನೆಯ ದಿನ ತೆಂಗಿನ ಗರಿಯ ಪೊರಕೆ ಮಾರಿ ಬರುತ್ತೇನೆ ಅಂತ ಸುಳ್ಳು ಹೇಳಿ, ಪೊರಕೆಯ ಕಟ್ಟನ್ನು ಹೊತ್ತುಕೊಂಡೇ ಹೊಸದುರ್ಗದ ಬಸ್ಸು ಹತ್ತಿದೆ. ಬಸ್‌ಸ್ಟ್ಯಾಂಡಿನ ಪಕ್ಕದ ರಸ್ತೆಯಲ್ಲಿ ಒಬ್ಬ ಡಾಕ್ಟರಮ್ಮ ಹೊಸದಾಗಿ ಷಾಪು ಇಟ್ಟಿದ್ದಾಳೆ ಅಂತ ಯಾರೋ ಹೇಳಿದ್ದು ಕೇಳಿದ್ದೆ. ಬಾಗಿಲ ಮೇಲೆ ಕೆಂಪು ಪ್ಲಸ್ಸಿನ ಬೋರ್ಡು ಇತ್ತು.

ಡಾಕ್ಟರಮ್ಮ ಜಡೆ ಬಿಚ್ಚು ಅಂದಳು. ಸೆರಗು ತೆಗೆಯುವುದಕ್ಕೇ ನನಗೆ ಎಷ್ಟೋ ಹೊತ್ತು ಹಿಡಿಯಿತು. ಸೀರೆಯನ್ನೇ ಬಿಚ್ಚು ಅಂದಿದ್ದರೂ ಅಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ. ಅವಳು ಮೂಗು ಮುಚ್ಚಿಕೊಳ್ಳಲಿಲ್ಲ, ಅಷ್ಟೇ ಪುಣ್ಯ.

'ಎಣ್ಣೆ ಹಚ್ಚುತ್ತೀಯಾ?'

'ದಂಡಿಯಾಗಿ ಹಚ್ತೀನವ್ವ.'

'ಅದೇ ತಪ್ಪು. ಇದು ಒಣಗಿ ಬಂದಿದ್ದಲ್ಲ. ನೀನು ಹಚ್ಚೋ ಎಣ್ಣೆ ಅದಕ್ಕೆ ಊಟ ಆಗ್ತಾ ಇದೆ.'

ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದಳು. ಕೂದಲನ್ನು ಬೈತಲೆ ಬೈತಲೆಯಾಗಿ ಬಿಡಿಸಿ, ತಾನು ಕೊಡುವ ಮುಲಾಮನ್ನು ಚರ್ಮಕ್ಕೆ ಹಚ್ಚಬೇಕು, ಕೂದಲಿಗಲ್ಲ. ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೆಯಬೇಕು. ಹೇನಿನ ಬಾಚಣಿಗೆಯಿಂದ ಹೆರೆಯಬಾರದು, ಉಗುರು ತಾಕಿಸಬಾರದು. ಗುಂಗುರು ಕೂದಲನ್ನು ಒದ್ದೆ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಬಿಡಿಸಿಕೊಂಡು ಬರಬೇಕು. ಕುಂಕುಮದ ಜಾಗ ವಾಸಿಯಾಗುವವರೆಗೆ ಅಲ್ಲಿ ಏನೂ ಇಡಬಾರದು. ನೆತ್ತಿಗೆ ಎಣ್ಣೆ ಸುರಿಯಲೇಬಾರದು. 'ಇದು ಅಂಟೋ ಕಾಯಿಲೆ ಅಲ್ಲ. ಪೂರ್ತಿ ಹೋಗ್ತದೆ ಅಂತ ಸುಳ್ಳು ಹೇಳಲ್ಲ, ಮತ್ತೆ ಮತ್ತೆ ಬರ್ತದೆ. ಹತೋಟೀಲಿ ಇಟ್ಕೊಂಡರೆ ಆಯ್ತು' ಅಂದಳು. ಅಂಟುವುದಿಲ್ಲ ಅನ್ನುವ ಮಾತಿಗೆ ನಾನು ಅವಳ ಕಾಲಿಗೆ ಬೀಳುವುದೊಂದು ಬಾಕಿ.

ಆಯಾ ನನ್ನನ್ನು ಹಿಂದಿನ ನಲ್ಲಿಯ ಹತ್ತಿರ ಕೂರಿಸಿ ಅಷ್ಟೂ ಎಣ್ಣೆ ಹೋಗುವವರೆಗೆ ಸೋಪು ಹಾಕಿ ತಿಕ್ಕಿದಳು. ಡಾಕ್ಟರಮ್ಮ ಹತ್ತಿಯಿಂದ ಹಣೆ ಒರೆಸಿದಳು, ಕುಂಕುಮ ಹೋಯಿತು. ತಲೆ ಒಣಗಿಸಿಕೊಂಡು ಹೋಗು ಅಂದದ್ದಕ್ಕೆ ಹೊರಗಿನ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತೆ. ಎಣ್ಣೆ ಇಲ್ಲದ ನನ್ನ ಕೂದಲು ಅಂದರೆ ಕೇಳಬೇಕೆ, ಪೊದೆಯ ಹಾಗೆ ನಾಲ್ಕೂ ಕಡೆಗೆ ಎದ್ದು ನಿಂತಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕಿವಿಯ ಹಿಂದೆ ಕಣ್ಣು ಹಾಯಿಸಿ, ತನ್ನ ಮಗುವನ್ನು ರಪ್ಪನೆ ಎಳೆದುಕೊಂಡು ಕೆಳಗಿನ ಮೆಟ್ಟಿಲಿಗೆ ಹೋಗಿ ಕೂತಳು. ಅಂಟಲ್ಲ ಕಣವ್ವ ಅಂತ ಹೇಳಲು ಬಾಯಿ ತೆರೆದೆ, ಅಳು ಬಂತು. ಮೊಣಕಾಲಿಗೆ ಮುಖ ಕೊಟ್ಟು ಗೊಳೋ ಅಂತ ಅತ್ತೆ. ರಸ್ತೆಯಲ್ಲಿ ಬಸ್ಸುಗಳು ಹೋಗುತ್ತಿದ್ದವು, ನಾನು ಯಾವುದನ್ನೂ ನೋಡಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು, ಕೂದಲು ಸುತ್ತಿ ಗಂಟು ಹಾಕಿ ಸೆರಗು ಹೊದ್ದು, ಊರು ಹತ್ತಿರ ಬಂದಾಗ ಹಣೆಗೆ ಕುಂಕುಮ ಒತ್ತಿಕೊಂಡು ಮನೆ ಸೇರಿದೆ. ಮುಲಾಮಿನ ಡಬ್ಬಿಯನ್ನು ರಾಗಿ ಮಡಕೆಯ ಹಿಂದೆ ಇಟ್ಟೆ.

ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ರಾಗಿ ಕೇರುತ್ತಿದ್ದೆ. ಕಾಳಕ್ಕ ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದಳು. ಬಸ್ಸು ನಿಲ್ಲುವ ಕಡೆಯಿಂದ ಹೆಂಗಸರು ಅಳುವ ದನಿ ಬಂತು.

'ಯಾರ ಮನೇದೋ ಏನೋ, ಪಾಪ' ಅಂದಳು ಕಾಳಕ್ಕ.

ಅಳು ನಮ್ಮ ಬೀದಿಗೆ ತಿರುಗಿತು. ನೋಡಿದರೆ ಮುಂದೆ ನನ್ನವ್ವ, ಎದೆ ಎದೆ ಬಡಿದುಕೊಂಡು. ಹಿಂದೆ ನನ್ನಪ್ಪ ಸಣ್ಣತಿಮ್ಮಪ್ಪ, ಹೆಗಲ ಟವೆಲಿನಿಂದ ಮುಖ ಮುಚ್ಚಿಕೊಂಡು. ಅವನ ಜೊತೆಗೆ ನಮ್ಮ ದೂರದ ಮಾವ ಮೂಡಲಗಿರಿಯಪ್ಪ. ಆಮೇಲೆ ರಾಮಗಿರಿಯ ನಮ್ಮ ಬೀದಿಯ ಅರ್ಧ ಜನ. ಅವ್ವ ನನ್ನ ಮೇಲೆ ಬಿದ್ದು ಕುತ್ತಿಗೆ ತಬ್ಬಿಕೊಂಡಳು.

'ಅಯ್ಯೋ ನನ್ನ ಮಗಳೇ! ಬಂಡೆಗೆ ಕೊಟ್ಟಂಗಾತಲ್ಲೇ ನಿನ್ನ! ಪಾಪಣ್ಣಾ, ನನ್ನಪ್ಪಾ, ಮದ್ದು ನಿನ್ನನ್ನೇ ನುಂಗ್ತೇನೋ!'

ನನ್ನ ಕೈಯಿಂದ ಮೊರ ಬಿತ್ತು. ಕಾಳಕ್ಕ ಜಗಲಿಯಿಂದ ಇಳಿಯಲು ಹೋಗಿ ಅಲ್ಲೇ ಕುಸಿದಳು. ಅವಳ ಬಾಯಿಂದ ಬಂದ ಕೂಗು ಮನುಷ್ಯರದ್ದಲ್ಲ. ನಾನೂ ಕೂಗಿದೆ. ಇವರು ಅಳುತ್ತ ಬಂದಿದ್ದಾರೆ ಅಂದ ಮೇಲೆ ಇವರಿಗೆ ಸುದ್ದಿ ಬಂದಿದೆ, ಹಿರಿಯೂರಿನಿಂದ ಹೇಗೋ ಅಲ್ಲಿಗೆ ಮೊದಲು ಮುಟ್ಟಿದೆ ಅಂದುಕೊಂಡೆ. ನಿನ್ನೆ ತಾನೇ ತಲೆಯ ಎಣ್ಣೆ ತೊಳೆದುಕೊಂಡೆ, ನಿನ್ನೆಯೇ ಅವನು ಹೋದ. ನಾನೇ ಕೊಂದೆ. ನನ್ನ ತಲೆಯಲ್ಲಿ ಬೇರೆ ಏನೂ ಓಡಲಿಲ್ಲ. ಹಣೆ ಹಣೆ ಚಚ್ಚಿಕೊಂಡೆ. ಅಕ್ಕಪಕ್ಕದವರೆಲ್ಲ ಓಡಿ ಬಂದರು, ಬಂದವರೆಲ್ಲ ಅತ್ತರು. ನಮ್ಮಪ್ಪ ಕಂಕುಳಿಂದ ಗಂಟು ತೆಗೆದು ಜಗಲಿಯ ಮೇಲಿಟ್ಟ. ಗಂಡ ಸತ್ತವಳಿಗೆ ತವರಿನಿಂದ ತರುವ ಬಿಳಿ ಸೀರೆಯ ಅಂಚು ಅದರಿಂದ ಇಣುಕುತ್ತಿತ್ತು. ಅದನ್ನು ನೋಡಿ ನನ್ನ ಜೀವವೇ ಹೋಯಿತು.

ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಮೂಗೊರೆಸಿಕೊಂಡು ಒಳಗೆ ಇಣುಕಿದ.

'ಹೆಣ ಎಲ್ಲೈತವ್ವ?'

'ಎಲ್ಲೈತೆ ಅಂತ ನೀನು ಹೇಳ್ಬೇಕಪ್ಪ' ಅಂದೆ ನಾನು.

'ನಾನಾ? ನಾನೆಂಗೆ ಹೇಳ್ಲಿ? ಮಣ್ಣು ಮಾಡಿಬಿಟ್ರಾ ಆಗ್ಲೇ?'

'ನಿಮಗೆ ಯಾರು ಸುದ್ದಿ ತಂದ್ರು?' ಕಾಳಕ್ಕ ನೆಲದಿಂದ ತಲೆ ಎತ್ತಿದಳು. ದನಿ ಬದಲಾಗಿತ್ತು. 'ಹಿರಿಯೂರಿಂದ ಯಾರು ಬಂದಿದ್ರು? ಹೇಳ್ರಿ!'

ಹಿರಿಯೂರಿನಿಂದ ಯಾರೂ ಬಂದಿರಲಿಲ್ಲ. ಎಲ್ಲರೂ ಮೂಡಲಗಿರಿಯಪ್ಪನ ಕಡೆ ತಿರುಗಿದರು. ಅವನು ರುಮಾಲು ಸರಿ ಮಾಡಿಕೊಂಡ.

'ನಾನೇ ಕಣ್ಣಾರೆ ನೋಡಿದ್ನಲ್ಲ. ನಿನ್ನೆ ಹೊಸದುರ್ಗದಿಂದ ಬಸ್ಸಿನಾಗೆ ಬರ್ತಿದ್ದೆ. ಕಿಟಕಿಯಾಗೆ ನೋಡ್ತೀನಿ, ಆಸ್ಪತ್ರೆ ಬಾಗಿಲಾಗೆ ಈ ನಮ್ಮ ತಿಪ್ಪಿ ಕುಂತವ್ಳೆ. ತಲೆ ಬಿಟ್ಕಂಡು, ಎಣ್ಣೆ ಇಲ್ದೆ ಕೆದರ್ಕಂಡು, ಹಣೇಲಿ ಕುಂಕುಮ ಇಲ್ಲ, ಗೊಳೋ ಅಂತ ಅಳ್ತಾವ್ಳೆ. ಗಂಡ ನೋಡಿದ್ರೆ ಮದ್ದು ಸಿಡಿಸೋನು. ಇನ್ನೇನಪ್ಪ ಅಂದ್ಕಬೇಕು? ನೀವೇ ಹೇಳ್ರಿ!'

ಅಷ್ಟು ಕಣ್ಣುಗಳೂ ನನ್ನ ಮೇಲೆ. ಪಾಪಣ್ಣ ಸತ್ತಿಲ್ಲ ಅನ್ನುವುದು ನನಗೆ ಹೊಳೆದದ್ದೂ, ಇನ್ನು ನಾನು ಬಾಯಿ ಬಿಡಲೇಬೇಕು ಅನ್ನುವುದು ಹೊಳೆದದ್ದೂ ಒಂದೇ ಗಳಿಗೆಯಲ್ಲಿ. ಭೂಮಿ ಬಾಯಿ ತೆರೆಯಲಿ ಅನ್ನುತ್ತಾರಲ್ಲ, ನಾನು ನಿಜವಾಗಿಯೂ ನೆಲ ನೋಡಿದೆ.

'ಹೊಸದುರ್ಗಕ್ಕೆ ಪೊರಕೆ ಮಾರಕ್ಕೆ ಹೋಗಿದ್ದೆ ಅಂದ್ಯಲ್ಲೇ' ಅಂದಳು ಕಾಳಕ್ಕ. 'ಆಸ್ಪತ್ರೆ ಬಾಗಿಲಾಗೆ ಯಾಕೆ ಕುಂತಿದ್ದೆ? ನನ್ನ ಮಗ ಎಲ್ಲಿ? ಬಾಯಿ ಬಿಡೇ!'

'ಅವ್ರಿಗೇನೂ ಆಗಿಲ್ಲ. ನಾನು...' ಸೆರಗನ್ನು ಬಿಗಿಯಾಗಿ ಹಿಡಿದುಕೊಂಡೆ. 'ತಲೆ ಹೊಟ್ಟಿಗೆ ಮದ್ದು ತರಕ್ಕೆ ಹೋಗಿದ್ದೆ.'

ಮೊದಲು ನಕ್ಕವನು ಮೂಡಲಗಿರಿಯಪ್ಪನೇ, ದರಿದ್ರದವನು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಈಗ ತಾನೇ ಎದೆ ಬಡಿದುಕೊಳ್ಳುತ್ತಿದ್ದವರು ಹೊಟ್ಟೆ ಹಿಡಿದುಕೊಂಡರು. 'ಹೊಟ್ಟಿಗೆ ಹೆಣ ಹುಡುಕ್ಕಂಡು ಬಂದ್ವಲ್ಲೋ!' ಅಂತ ಹಿಂದಿನಿಂದ ಯಾರೋ ಅಂದರು. ಅವರ ಅಳುವಿಗಿಂತ ಆ ನಗು ನನ್ನನ್ನು ಹೆಚ್ಚು ಸುಟ್ಟಿತು. ಗಂಡ ಬದುಕಿದ್ದಾನೆ ಅನ್ನುವ ಸಂತೋಷ ಪಡುವುದಕ್ಕೂ ಆಗದ ಹಾಗೆ ನಾಚಿಕೆ ನನ್ನನ್ನು ಹಿಡಿದುಕೊಂಡಿತ್ತು. ಎಂಥ ಹೆಂಡತಿ ನಾನು ಅನ್ನಿಸಿ ಇನ್ನಷ್ಟು ನಾಚಿಕೆಯಾಯಿತು.

ಅವ್ವ ಮಾತ್ರ ನಗಲಿಲ್ಲ. ನನ್ನ ಸೆರಗನ್ನು ಮುಂದಕ್ಕೆ ಎಳೆಯುತ್ತ, 'ಏನಿಲ್ಲ ಬಿಡ್ರಿ ಬೀಗ್ತಿ, ವಸಿ ಒಣಗಿರ್ತೈತೆ ಮಾಗೀಲಿ, ಎಲ್ರಿಗೂ ಇರೋದೇ' ಅಂದಳು.

ಕಾಳಕ್ಕ ಕಂಬ ಹಿಡಿದುಕೊಂಡು ಎದ್ದು ನಿಂತಳು.

'ನಗ್ರಿ, ನಗ್ರಿ. ನನ್ನ ಮಗನ್ನ ಬದುಕಿದ್ದಂಗೇ ಸಾಯಿಸಿ, ಬಿಳಿ ಸೀರೆ ತಂದು ನನ್ನ ಜಗಲಿ ಮ್ಯಾಲೆ ಇಟ್ರಿ, ಈಗ ನಗ್ರಿ.' ನಗು ನಿಂತಿತು. ಅವಳು ನನ್ನ ಕಡೆ ತಿರುಗಿದಳು. 'ಶನಿವಾರ ಶನಿವಾರ ಬಟ್ಟಲ ತುಂಬ ಎಣ್ಣೆ ಇಟ್ಟೆ. ಅವನ ಹೆಸರಿನಾಗೆ ಇಟ್ಟೆ. ತೊಳ್ಕಂಡು ಬಂದ್ಯಾ? ಅವನು ಬಾವಿಯಾಗೆ ಇರುವಾಗ ಬೋಳು ಹಣೆ ಇಟ್ಕಂಡು ಬೀದಿಯಾಗೆ ಕುಂತ್ಯಾ?' ಆಮೇಲೆ ನನ್ನ ಅಪ್ಪನಿಗೆ ಹೇಳಿದಳು: 'ಕರ್ಕಂಡು ಹೋಗ್ರಿ ನಿಮ್ಮ ಮಗಳನ್ನ. ಅವನು ಬಂದ ಮ್ಯಾಲೆ ಮಾತಾಡಾಣ.'

ಅಪ್ಪ ತಲೆ ತಗ್ಗಿಸಿದ. ಅವನು ಗಂಟನ್ನು ಎತ್ತಿಕೊಳ್ಳುವುದನ್ನು ನೋಡಿದೆ. ಏಕನಾಥಮ್ಮನ ಸಗಣಿ ಮೆತ್ತಿದ ಕೈ ಕಣ್ಣ ಮುಂದೆ ಬಂತು. ಡಾಕ್ಟರಮ್ಮ ಹೇಳಿದ್ದೆಲ್ಲ ನನಗೆ ಅಕ್ಷರ ಅಕ್ಷರ ನೆನಪಿತ್ತು, ಅವಳು ಹೇಳಿದ್ದು ಸತ್ಯ ಅಂತಲೂ ಗೊತ್ತಿತ್ತು. ಆದರೆ ಸ್ವಲ್ಪ ಹೊತ್ತಿನ ಮುಂಚೆ ನಾನೇ ಅವನನ್ನು ಕೊಂದೆ ಅಂತ ಹಣೆ ಚಚ್ಚಿಕೊಂಡದ್ದೂ ಅಷ್ಟೇ ಸತ್ಯ. ಒಳಗೆ ಹೋಗಿ ಎಣ್ಣೆಯ ಬಟ್ಟಲು ತಂದು ಕಾಳಕ್ಕನ ಪಾದದ ಹತ್ತಿರ ಇಟ್ಟೆ. ಅವಳಿಗೆ ಬೆನ್ನು ಕೊಟ್ಟು ಕೂತೆ. ಸೆರಗು ತೆಗೆದೆ. ಕೂದಲ ಗಂಟು ಬಿಚ್ಚಿದೆ. ಎರಡೂ ಊರಿನ ಜನ ನೋಡುತ್ತಿದ್ದರು.

'ಹಾಕವ್ವ' ಅಂದೆ. 'ಎಷ್ಟು ಬೇಕಾದ್ರೂ ಹಾಕು. ನನ್ನ ಕಳಿಸಬ್ಯಾಡ.'

ಹಿಂದೆ ಅವಳು ಕೂತ ಸದ್ದು ಕೇಳಿತು. ಹರಳೆಣ್ಣೆಯ ವಾಸನೆ ಬಂತು. ಎರಡು ಕೈಗಳು ನನ್ನ ಗುಂಗುರಿನೊಳಗೆ ನುಗ್ಗಿ ನಡು ನೆತ್ತಿಯಲ್ಲಿ ಕೂದಲು ಬಿಡಿಸಿದವು, ಮೊದಲು ಒರಟಾಗಿ. ಆಮೇಲೆ ನಿಂತವು. ಪಕ್ಕದಲ್ಲಿ ಇನ್ನೊಂದು ಬೈತಲೆ ತೆಗೆದಳು. ಕಿವಿಯ ಹಿಂದೆ ನೋಡಿದಳು. ಅವಳ ಉಸಿರು ನನ್ನ ಹಸಿ ಚರ್ಮಕ್ಕೆ ತಾಕುತ್ತಿತ್ತು. ಮದುವೆಯಾದ ಮೇಲೆ ನನ್ನ ತಲೆಯನ್ನು ಗಂಡನ ಮನೆಯವರು ನೋಡಿದ್ದು ಅದೇ ಮೊದಲು. ಇನ್ನು ಮುಚ್ಚಿಡಲು ನನ್ನ ಹತ್ತಿರ ಏನೂ ಉಳಿಯಲಿಲ್ಲ ಅನ್ನಿಸಿ ಮೈಯೆಲ್ಲ ಕುಗ್ಗಿತು.

'ಇದರ ಮ್ಯಾಲಾ ಬಿಸಿ ಎಣ್ಣೆ ಹಾಕ್ಕಂತಿದ್ದೆ?' ಅಂದಳು ಕಾಳಕ್ಕ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

'ಹೂಂ.'

'ಉರೀತಿರಲಿಲ್ವೇನೇ?'

'ಉರೀತಿತ್ತು.'

'ಡಾಕ್ಟ್ರು ಏನಂದ್ರು?'

'ಅಂಟಲ್ಲ ಅಂದ್ರು. ಎಣ್ಣೆ ಬ್ಯಾಡ ಅಂದ್ರು.'

ಅವಳು ಬಿಡಿಸಿದ ಕೂದಲನ್ನು ಮೆಲ್ಲಗೆ ಕೂಡಿಸಿದಳು. ಆಮೇಲೆ ಬಟ್ಟಲಲ್ಲಿ ಒಂದು ಬೆರಳಿನ ತುದಿ ಅದ್ದಿ, ಹಣೆಯ ಮೇಲಿನ ಕೂದಲ ಅಂಚಿಗೆ, ಹುಣ್ಣಿಲ್ಲದ ಒಂದು ಜಾಗ ಹುಡುಕಿ ಒಂದೇ ಒಂದು ಹನಿ ಒತ್ತಿದಳು.

'ನನ್ನ ಮಗನ ಹೆಸರಿಗೆ ಇಷ್ಟು ಸಾಕು' ಅಂದಳು. ಸೆರಗನ್ನು ಎತ್ತಿ ತಾನೇ ನನ್ನ ತಲೆಯ ಮೇಲೆ ಹೊದಿಸಿದಳು. 'ಬೀಗ್ರೇ, ಆ ಗಂಟನ್ನ ಊರಾಚೆ ಎಸೆದು ಬರ್ರಿ. ಬಂದು ಕುಂತ್ಕಳ್ರಿ, ಮುದ್ದೆ ಇಡ್ತೀನಿ.'

ನಾನು ಅವಳ ಮೊಣಕಾಲಿಗೆ ಮುಖ ಒತ್ತಿ ಅತ್ತೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಹನಿ ಎಣ್ಣೆ ಇಟ್ಟ ಬೆರಳು ಎಷ್ಟು ಮೆತ್ತಗಿತ್ತೆಂದರೆ, ಇವಳಿಗೆ ಹೆದರಿ ಬೇಲಿಯ ಮರೆಗೆ ಓಡುತ್ತಿದ್ದೆನಲ್ಲ ಅಂತ ನಾಚಿಕೆ ತಡೆಯಲಾಗಲಿಲ್ಲ. ಕಾಳಕ್ಕ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು.

'ಅಳಬ್ಯಾಡ, ಒಳಕ್ಕೆ ನಡಿ. ನೀನು ಅಳೋದು ನೋಡಿ ಈ ಸಲ ಯಾರನ್ನ ಸಾಯಿಸ್ತಾರೋ.'